ಬಡ್ಡಿ ಇಳಿಸಿದರು, ಲಿರಾ ತಾನಾಗೇ ಇಳಿಯಿತು

(2021ರ ಡಿಸೆಂಬರ್ 21ರ ಬೆಳಿಗ್ಗೆ. ಇಸ್ತಾಂಬುಲ್‌ನ ಒಂದು ಚಹಾದಂಗಡಿ. ಮಾಲೀಕ ದರಪಟ್ಟಿಯ ಮೇಲೆ ಹೊಸ ಚೀಟಿ ಅಂಟಿಸುತ್ತಿದ್ದಾನೆ. ಅಡಿಯಲ್ಲಿ ಹಳೆಯ ನಾಲ್ಕು ಚೀಟಿಗಳ ಅಂಚು ಇಣುಕುತ್ತಿದೆ. ನಿವೃತ್ತ ಮೇಷ್ಟ್ರು ಬರುತ್ತಾರೆ.)

ಮೇಷ್ಟ್ರು: ಮತ್ತೆ ಏರಿಸಿದೆಯೇನೋ?

ಚಹಾದವನು: ನಾನೆಲ್ಲಿ ಏರಿಸಿದೆ ಮೇಷ್ಟ್ರೇ? ಲಿರಾ ಇಳೀತು. ವರ್ಷದ ಮೊದಲಲ್ಲಿ ಡಾಲರಿಗೆ ಏಳೂವರೆ ಲಿರಾದ ಹತ್ತಿರ ಇತ್ತು, ನಿನ್ನೆ 18 ದಾಟಿತ್ತು.

ಮೇಷ್ಟ್ರು: ಬೆಲೆ ಏರೋದಕ್ಕೆ ಬಡ್ಡಿಯೇ ಕಾರಣ ಅಂತ ಅಧ್ಯಕ್ಷ ಎರ್ದೊಆನ್ ಹೇಳಿಲ್ವೇ? ಅದಕ್ಕೇ ಸೆಪ್ಟೆಂಬರಿನಿಂದ ಶೇ. 19ರ ಬಡ್ಡಿಯನ್ನ 14ಕ್ಕೆ ಇಳಿಸಿದ್ದಾರೆ.

ಚಹಾದವನು: ಬೆಲೆ ಏರಿದಾಗ ಬೇರೆ ದೇಶದೋರು ಬಡ್ಡಿ ಏರಿಸ್ತಾರಂತಲ್ಲ?

ಮೇಷ್ಟ್ರು: ಇಲ್ಲಿ ಏರಿಸಿದ ಗವರ್ನರು ಮಾರ್ಚಿನಲ್ಲೇ ಮನೆ ಸೇರಿದರು. 2019ರಿಂದ ಅವರು ಮೂರನೆಯವರು. ಕೇಂದ್ರ ಬ್ಯಾಂಕಿನ ಆ ಕುರ್ಚಿಗಿಂತ ನಿನ್ನ ಮುರುಕು ಬೆಂಚೇ ಗಟ್ಟಿ.

ಚಹಾದವನು: ಬ್ಯಾಂಕಲ್ಲಿ ಲಿರಾ ಇಟ್ಟೋರ ಗತಿ?

ಮೇಷ್ಟ್ರು: ನಿನ್ನೆ ರಾತ್ರಿ ಹೊಸ ಯೋಜನೆ ಬಂತಲ್ಲ! ಡಾಲರ್ ಕೊಳ್ಳಬೇಡಿ, ಲಿರಾ ಠೇವಣಿ ಇಡಿ. ಬಡ್ಡಿಗಿಂತ ಡಾಲರ್ ಹೆಚ್ಚು ಏರಿದರೆ ವ್ಯತ್ಯಾಸ ಸರ್ಕಾರ ತುಂಬಿಕೊಡುತ್ತೆ. ರಾತ್ರೋರಾತ್ರಿ ಲಿರಾ ಎದ್ದು ಕೂತಿತು.

ಚಹಾದವನು: ಆ ವ್ಯತ್ಯಾಸವೂ ಬಡ್ಡಿಯೇ ಅಲ್ವಾ?

ಮೇಷ್ಟ್ರು: ಶ್! ಅಧ್ಯಕ್ಷರು ಮೊನ್ನೆಯಷ್ಟೇ ಬಡ್ಡಿಯ ವಿರುದ್ಧ ಧರ್ಮದ ಮಾತೆತ್ತಿದ್ದಾರೆ. ಇದು ರಕ್ಷಣೆ ಅನ್ನು.

ಚಹಾದವನು: ಸರ್ಕಾರಕ್ಕೆ ದುಡ್ಡು ಎಲ್ಲಿಂದ?

ಮೇಷ್ಟ್ರು: ನೀನು ಕಟ್ಟೋ ತೆರಿಗೆಯಿಂದ.

ಚಹಾದವನು: ಠೇವಣಿ ಅವರದು, ಜಾಮೀನು ನನ್ನದು! ಸರಿ, ನಿಮ್ಮ ಚಹಾದ ಬಾಕಿನೂ ಇವತ್ತಿಂದ ಡಾಲರಲ್ಲೇ ಬರ್ಕೋತೀನಿ.

ಮೇಷ್ಟ್ರು: ಅಯ್ಯೋ, ನನ್ನ ಪಿಂಚಣಿ ಬರೋದು ಲಿರಾದಲ್ಲಿ ಕಣೋ!

ಚಹಾದವನು: ವ್ಯತ್ಯಾಸಕ್ಕೆ ಸರ್ಕಾರಾನ ಕೇಳಿ.