ಮುಂಗುಸಿಯ ಬಾಲಕ್ಕೆ ಅಂಟಿದ ಹೆಬ್ಬಾತು

ಅರಸೀಕೆರೆಯ ನಮ್ಮ ತೋಟದಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ ಬಿದ್ದಿರುತ್ತದೆ. ಅದರೊಳಗೆ ಒಂದು ಮುಂಗುಸಿ ಸಂಸಾರ ಹೂಡಿದೆ. ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಹೊರಬಂದು, ಹಿಂಗಾಲ ಮೇಲೆ ಎದ್ದು ನಿಂತು, ಬಾಡಿಗೆ ಕೇಳಲು ಬಂದವನನ್ನು ನೋಡುವ ಹಾಗೆ ನನ್ನನ್ನೊಮ್ಮೆ ನೋಡಿ ಬದು ದಾಟಿ ಹೋಗುತ್ತದೆ. ಮುಂಗುಸಿ ಕಂಡರೆ ಶುಭ ಅನ್ನುತ್ತಾರೆ. ನನಗೆ ದಿನಾ ಕಾಣುತ್ತದೆ. ಆ ಸುದ್ದಿ ಕೊಬ್ಬರಿ ಮಂಡಿಗೆ ಇನ್ನೂ ಮುಟ್ಟಿದಂತಿಲ್ಲ.

ದಸರಾ ರಜೆಗೆ ಬಂದ ಮೊಮ್ಮಗಳು ಅದನ್ನು ನೋಡಿ ಮುಖ ಊದಿಸಿಕೊಂಡಳು.

“ತಾತ, ಒಂದು ಮಂಗೂಸ್. ಎರಡಾದರೆ ಏನು ಹೇಳು?”

“ಎರಡು ಮುಂಗುಸಿ.”

“ಅಯ್ಯೋ, ಇಂಗ್ಲಿಷಲ್ಲಿ!”

ಗೂಸ್ ಎರಡಾದರೆ ಗೀಸ್ ಆಗುತ್ತದೆ, ಹಾಗಾದರೆ ಮಂಗೂಸ್ ಎರಡಾದರೆ ಮಂಗೀಸ್ ಅಲ್ಲವೇ ಎಂದು ಪರೀಕ್ಷೆಯಲ್ಲಿ ಬರೆದು ಅರ್ಧ ಅಂಕ ಕಳೆದುಕೊಂಡಿದ್ದಳಂತೆ. ಕೂಸಿನ ತರ್ಕದಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಅಟ್ಟದಿಂದ ನಿಘಂಟು ಇಳಿಸಿ ಧೂಳು ಕೊಡವಿದೆ.

ನೋಡಿದರೆ ಪದ ನಮ್ಮ ಸೀಮೆಯದೇ. ಮರಾಠಿಯಲ್ಲಿ ಮುಂಗೂಸ್, ತೆಲುಗಿನಲ್ಲಿ ಮುಂಗಿಸ, ನಮ್ಮಲ್ಲಿ ಮುಂಗುಸಿ, ಮುಂಗಿಸಿ, ಮುಂಗುಲಿ. ಇಂಗ್ಲಿಷರ ಕಿವಿಗೆ ಇದು ಬಿದ್ದದ್ದು 17ನೇ ಶತಮಾನದಲ್ಲಿ. 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶ ಮಾಡಿದ ಯೂಲ್ ಮತ್ತು ಬರ್ನೆಲ್ ಅದನ್ನು ತೆಲುಗಿನವರಿಗೆ ಕೊಟ್ಟರು. ಈಗಿನ ಕೋಶಗಳು ಮರಾಠಿಯವರಿಗೆ ಕೊಡುತ್ತವೆ. ಅಕ್ಕಪಕ್ಕದವರ ಪಾಲುಪಟ್ಟಿಯಲ್ಲಿ ನಡುವೆ ಕೂತ ನಮಗೆ ಒಂದು ತೆಂಗಿನಮರವೂ ಬರಲಿಲ್ಲ.

ಹಾಗಾದರೆ ಕೊನೆಯಲ್ಲಿ ಗೂಸ್ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ, ಸುಮ್ಮನೆ ಅಂಟಿಕೊಂಡಿತು. ಕಿವಿಗೆ ಹೊಸ ಸದ್ದು ಬಿದ್ದರೆ ಬಾಯಿ ತನಗೆ ಗೊತ್ತಿರುವ ಸದ್ದಿಗೆ ಅದನ್ನು ತಿರುಗಿಸಿಕೊಳ್ಳುತ್ತದೆ. ನಾವೇನು ಕಮ್ಮಿ? ಹೊರಗಿನಿಂದ ಬಂದ ಹಾಸ್ಪಿಟಲನ್ನು ಆಸ್ಪತ್ರೆ ಮಾಡಿ ಅದರೊಳಗೆ ಒಂದು ಪತ್ರೆ ಇಟ್ಟೆವು. ಆ ಪತ್ರೆಗೂ ಬಿಲ್ವಪತ್ರೆಗೂ ಎಷ್ಟು ನಂಟೋ ಮಂಗೂಸಿಗೂ ಗೂಸಿಗೂ ಅಷ್ಟೇ ನಂಟು.

“ಅಂದರೆ ಅದು ಸುಳ್ಳು ಗೂಸ್. ನಿಜವಾದ ಗೂಸ್ ಎಲ್ಲಿದೆ?” ಅಂದಳು.

ಮರುದಿನ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರನ ಗೋಡೆಯ ಬುಡದಿಂದ ಕಣ್ಣು ಮೇಲೇರಿಸುತ್ತ ಬಂದರೆ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ. ಅದರ ಮೇಲೆ ಹಂದಿಯ ಮೈ, ಆನೆಯ ಸೊಂಡಿಲು, ನವಿಲಿನ ಬಾಲ ಕೂಡಿಸಿ ಮಾಡಿದ ಮಕರ. ಮಕರದ ಮೇಲೆ ಹಂಸದ ಸಾಲು.

“ಇದೇ ಗೂಸ್,” ಅಂದೆ.

ನಂಬಲಿಲ್ಲ. ಹಂಸ ಎಂದರೆ ಅವಳಿಗೆ ರವಿವರ್ಮನ ದಮಯಂತಿ ಮಾತಾಡಿಸುವ ಬಿಳಿ ಹಕ್ಕಿ, ನೀಳ ಕತ್ತಿನ ಸ್ವಾನ್. ಆದರೆ ಸಂಸ್ಕೃತದ ಹಂಸ, ಲ್ಯಾಟಿನ್ನಿನ ಆನ್ಸೆರ್, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್ ಎಲ್ಲವೂ ಒಂದೇ ತಾಯಿಯ ಮಕ್ಕಳು. ಇಂಗ್ಲಿಷು ನಡುವಿನ ಅನುನಾಸಿಕವನ್ನು ದಾರಿಯಲ್ಲಿ ಕಳೆದುಕೊಂಡಿತು, ಅಷ್ಟೇ. ನಮ್ಮ ದಂತ ಅವರಲ್ಲಿ ಟೂತ್ ಆದದ್ದೂ ಹೀಗೆಯೇ. ಹಳೆಯ ಕಾವ್ಯದ, ಶಿಲ್ಪದ ಹಂಸ ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ ಒಂದು ಪುಸ್ತಕವನ್ನೇ ಬರೆದ, ಅದು ಅಚ್ಚಾಗಿ ಬಂದದ್ದು 1962ರಲ್ಲಿ. ಹಿಮಾಲಯ ಹಾರಿ ದಾಟಿ, ಚಳಿಗಾಲಕ್ಕೆ ಮೈಸೂರು ಸೀಮೆಯ ಹದಿನಾರು ಕೆರೆಯವರೆಗೂ ಬರುವ ಪಟ್ಟೆತಲೆ ಹೆಬ್ಬಾತನ್ನು ನೋಡಿದವರಿಗೆ ಮಾನಸ ಸರೋವರದ ಕಥೆ ಕಟ್ಟುಕಥೆ ಅನ್ನಿಸುವುದಿಲ್ಲ. ಕಲ್ಲಿನ ಹಂಸವನ್ನು ಹತ್ತಿರದಿಂದ ನೋಡಿ: ಕತ್ತು ಗಿಡ್ಡ, ಎದೆ ದಪ್ಪ, ನಡಿಗೆ ಊಟ ಮುಗಿಸಿದ ಶಾನುಭೋಗರದು. ಬಾಲ ಮಾತ್ರ ಶಿಲ್ಪಿಯ ಕೈಯಲ್ಲಿ ಬಳ್ಳಿಯಾಗಿ ಸುರುಳಿ ಬಿಟ್ಟಿದೆ.

ಬೇಲೂರಿಗೂ ಹೋದೆವು. ಬಾಗಿಲಲ್ಲಿ ಸಳ ಕಠಾರಿ ಹಿಡಿದು ಹುಲಿಯನ್ನು ಹೊಡೆಯುತ್ತಿದ್ದಾನೆ. ಮೊಮ್ಮಗಳು ಸುತ್ತ ಬಂದು ನೋಡಿ, “ತಾತ, ಇದಕ್ಕೆ ಕೇಸರ ಇದೆಯಲ್ಲ?” ಅಂದಳು. ಕಥೆ ಹುಲಿ ಅನ್ನುತ್ತದೆ, ಕಲ್ಲು ಸಿಂಹ ಅನ್ನುತ್ತದೆ. ಗೈಡ್ ಇಬ್ಬರಿಗೂ ಬೇಜಾರಾಗದಂತೆ ಶಾರ್ದೂಲ ಅಂದ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಎದುರು ನಿಂತು ಪ್ರಾಣಿಗಳ ಹೆಸರಿಗಾಗಿ ಜಗಳ ಆಡುವುದು ಬೇಡವೆಂದು ನಾನೂ ಸುಮ್ಮನಾದೆ.

ವಾಪಸು ಬಸ್ಸಿನಲ್ಲಿ ಅವಳು ತೀರ್ಪು ಕೊಟ್ಟಳು: ಬೇಲಿಯಲ್ಲಿ ಓಡುವುದು ನಮ್ಮ ಪದ, ಅದಕ್ಕೆ ಅವರ ಹಕ್ಕಿಯ ಬಾಲ. ಗೋಡೆಯ ಮೇಲಿರುವುದು ಅವರ ಹಕ್ಕಿ, ಅದಕ್ಕೆ ನಮ್ಮ ಹೆಸರು. ಅರ್ಧ ಅಂಕ ವಾಪಸು ಕೊಡಿಸುವಂತೆ ಅಮ್ಮನ ಕೈಲಿ ಚೀಟಿ ಬರೆಸುತ್ತಾಳಂತೆ. ಬರೆಸಲಿ. ಆದರೆ ಕೋಶದಲ್ಲಿ ಇರುವುದು ಮಂಗೂಸಸ್ ಎಂದೇ.

ನೀವು ಹಳೇಬೀಡಿಗೆ ಹೋದಾಗ ಆನೆ ಕುದುರೆ ನೋಡಿ ಮುಂದೆ ಸಾಗಬೇಡಿ, ಕತ್ತೆತ್ತಿ ಮಕರದ ಮೇಲಿನ ಸಾಲನ್ನೂ ನೋಡಿ. ಬೆಳಗ್ಗೆಯೇ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಕಾಯುತ್ತದೆ.