ರಾಮಕುಂಡದಲ್ಲಿ ತೊಳೆಯದ ಪಾಪ

ನಾಶಿಕದ ರಾಮಕುಂಡದಲ್ಲಿ ಮುಳುಗೆದ್ದರೆ ಪಾಪ ಪರಿಹಾರವಂತೆ. ಆದರೆ ಅಮೆರಿಕಕ್ಕೆ ಹೊರಟ ಹುಡುಗರ ಪಾಪವೆಲ್ಲ ಈಗ ಇನ್‌ಸ್ಟಾಗ್ರಾಮಿನಲ್ಲಿದೆ! ವೀಸಾ ಅರ್ಜಿ ಡಿಎಸ್-160 ಐದು ವರ್ಷಗಳ ಸಾಮಾಜಿಕ ಜಾಲತಾಣ ಖಾತೆಗಳ ವಿವರ ಕೇಳುವುದು 2019ರಿಂದಲೇ ಉಂಟು. 2025ರ ಜೂನ್‌ನಲ್ಲಿ, ವಿದ್ಯಾರ್ಥಿಗಳು ಖಾತೆಗಳನ್ನು ಸಾರ್ವಜನಿಕವಾಗಿಡಬೇಕೆಂಬ ಸೂಚನೆಯೂ ಬಂತು.

ಶುರುವಾಯಿತು ನೋಡಿ, ಹಳೆಯ ಮೀಮುಗಳ ಅಸ್ಥಿವಿಸರ್ಜನೆ.

ಛತ್ರಪತಿ ಸಂಭಾಜಿನಗರದವರದು ಇನ್ನೊಂದು ತಲೆಬಿಸಿ. ಊರಿನ ಹೆಸರು ಬದಲಾದದ್ದು 2023ರಲ್ಲಿ. ಹಳೆಯ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಇನ್ನೂ ಔರಂಗಾಬಾದ್. ಆ ಹೆಸರಿನದೊಂದು ಊರು ಬಿಹಾರದಲ್ಲೂ ಇದೆ. ಮುಂಬೈ ಕಾನ್ಸುಲೇಟಿನ ಕಿಟಕಿಯೆದುರು ಮೊಘಲರಿಂದ ಮರಾಠರವರೆಗಿನ ಚರಿತ್ರೆ ಒಪ್ಪಿಸಬೇಕಾದೀತೆ ಎಂಬ ಅಳುಕು ಬೇರೆ!

ಅಪ್ಪನಿಗೆ ಟ್ರಂಪ್ ಚಿಂತೆ, ಅಮ್ಮನಿಗೆ ಉಪ್ಪಿನಕಾಯಿ ಡಬ್ಬಿಯ ಚಿಂತೆ.

ಹೊರಡುವವರು ಗಾಬರಿಯಾಗದೆ ಅರ್ಜಿಯಲ್ಲಿ ನಿಜವನ್ನೇ ತುಂಬಲಿ; ಖಾತೆ ಮುಚ್ಚಿಟ್ಟರೆ ವೀಸಾ ಕೈತಪ್ಪಬಹುದು.