ಸದ್ಯದ ಸರ್

ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆ ಚಹಾಕ್ಕೆ ಸೇರುವವರ ಪೈಕಿ ಒಬ್ಬರ ಕಂಕುಳಲ್ಲಿ ಪುಸ್ತಕ ಇದ್ದೇ ಇರುತ್ತದೆ. ಮುಖಪುಟ ಯಾವಾಗಲೂ ಜನರ ಕಡೆಗೆ. ತಮ್ಮ ಕಡೆ ತಿರುಗಿಸಿಕೊಂಡರೆ ಓದಬೇಕಾಗುತ್ತದೆ, ಜನರ ಕಡೆ ತಿರುಗಿಸಿದರೆ ಜನ ಕೇಳುತ್ತಾರೆ ಎಂಬ ಲೆಕ್ಕ. ಯಾರೂ ಕೇಳದಿದ್ದರೆ ಅವರೇ ಶುರು ಮಾಡುತ್ತಾರೆ.

"ಏನ್ರಿ, ಸದ್ಯ ಏನ್ ಓದ್ಲಾಕತ್ತೀರಿ?"

"ಎಲ್ಲೀದ್ರಿ ಸರ, ಮಗಳ ಲಗ್ನ ಐತಿ."

"ಆಗ್ಲಿ, ಆಗ್ಲಿ. ನಾ ಸದ್ಯ ಇದನ್ನ ಓದ್ಲಾಕತ್ತೀನ್ರಿ" ಎಂದು ಕಂಕುಳು ಸಡಿಲಿಸುತ್ತಾರೆ.

ಹೀಗಾಗಿ ಅವರು ನಮಗೆಲ್ಲ ಸದ್ಯದ ಸರ್. ಒಬ್ಬರೇ ಅಂತಲ್ಲ, ಓಣಿಗೊಬ್ಬರು ಸಿಗುತ್ತಾರೆ. ಕೆಲವರು ನಿವೃತ್ತ ಮಾಸ್ತರರು, ಕೆಲವರು ಬ್ಯಾಂಕಿನವರು, ಒಬ್ಬಿಬ್ಬರು ವಕೀಲರು. ಲಕ್ಷಣ ಮಾತ್ರ ಒಂದೇ. ಮುನ್ನುಡಿ ಬಾಯಿಪಾಠ, ಬೆನ್ನುಡಿ ಅದಕ್ಕಿಂತ ಬಾಯಿಪಾಠ. ನಡುವಿನದನ್ನು ಕೇಳಿದರೆ, "ಹೇಳಿದ್ರ ನಿಮಗ ಓದೋ ಮಜಾ ಹೋಗ್ತದ್ರಿ" ಎಂದು ನಮ್ಮ ಮೇಲೆ ಕರುಣೆ ತೋರಿಸುತ್ತಾರೆ. ಅವರಿಗೂ ಆ ಮಜಾ ಇನ್ನೂ ಬಾಕಿ ಇದೆ ಎಂಬುದು ನಮ್ಮ ಗುಮಾನಿ.

2013ರ ಫೆಬ್ರವರಿಯಲ್ಲಿ ನಮ್ಮೂರಲ್ಲಿ ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 79ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಸರ್ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಂಡರು. ಅದನ್ನು ಅವರು ಮಳೆ ಬಿದ್ದ ದಿನ ಮಾತ್ರ ಓದುತ್ತಾರೆ. "ಮಲೆನಾಡ ಕಾದಂಬರಿ ನೋಡ್ರಿ. ಈ ಒಣಾ ಹವಾದಾಗ ಓದಿದ್ರ ಕುವೆಂಪು ಅವರಿಗೆ ಅನ್ಯಾಯ ಮಾಡಿದಂಗ." ಮೋಡ ಕಟ್ಟಿದ್ದೂ ಸೊಲ್ಲಾಪುರದ ಕಡೆ ಜಾರಿ ಹೋಗುವ ಊರು ನಮ್ಮದು. ಗುತ್ತಿಯ ನಾಯಿ ಹುಲಿಯ ಇನ್ನೂ ಮೊದಲ ಅಧ್ಯಾಯದಲ್ಲೇ ಬಾಲ ಅಲ್ಲಾಡಿಸುತ್ತ ನಿಂತಿದೆ.

ಪ್ರಶಸ್ತಿಯ ಸುದ್ದಿ ಬಂದ ದಿನ ಸರ್ ಬಹಳ ಚುರುಕಾಗುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಬೆಳಗಾಗುವುದರೊಳಗೆ ಸರ್ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಪುಸ್ತಕದ ಚಿತ್ರ, ಕೆಳಗೆ "ಸದ್ಯದ ಓದು". ಚಿತ್ರ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ್ದು. "ಸರ, ಕನ್ನಡದ ಕಥಿ ಇಂಗ್ಲಿಷಿನಾಗ ಓದ್ಲಾಕತ್ತೀರೇನ್ರಿ?" ಎಂದು ಹುಡುಗನೊಬ್ಬ ಕೇಳಿದ. "ಎರಡೂ ತುಲನಾ ಮಾಡ್ಬೇಕಲ್ಲೋ ತಮ್ಮಾ" ಎಂದರು. ಹುಡುಗ ಅಂದಿನಿಂದ ಸರ್ ಕಂಡರೆ ಕೈ ಮುಗಿಯುತ್ತಾನೆ.

ನವೆಂಬರ್ 14ರಿಂದ ಗ್ರಂಥಾಲಯ ಸಪ್ತಾಹ. ಎಲ್ಲೋ ಒಂದು ಕಡೆ ಸರ್ ಮುಖ್ಯ ಅತಿಥಿ. "ಪುಸ್ತಕ ಓದಿದವ ಮೊದಲಿನಂಗ ಉಳಿಯೂದಿಲ್ಲ" ಎಂಬುದು ಅವರ ಕಾಯಂ ಭಾಷಣ. ನಾವು ಕಂಡಾಗಿನಿಂದ ಸರ್ ಇದ್ದಂಗೇ ಇದ್ದಾರೆ.

ತಿಕೋಟಾ ಕಡೆ ಹೋದರೆ ಇದೇ ಜಾತಿಯವರಿಗೆ ದ್ರಾಕ್ಷಿ ತೋಟ ಇರುತ್ತದೆ. ಅಲ್ಲಿ ಅವರು ಸದ್ಯದ ಅಣ್ಣಾರು. ಏಪ್ರಿಲ್ ಚಾಟಣಿ ಮುಗಿಯಲಿ ಓದುತ್ತೇನೆ ಎನ್ನುತ್ತಾರೆ. ಅದು ಮುಗಿದರೆ ಅಕ್ಟೋಬರ್ ಚಾಟಣಿ, ಅದರ ಬೆನ್ನಿಗೆ ಔಷಧ ಹೊಡೆಯುವುದು, ಆಮೇಲೆ ಕಟಾವು, ಆಮೇಲೆ ಶೆಡ್ಡಿನಲ್ಲಿ ಒಣದ್ರಾಕ್ಷಿ. ನಡುವೆ ಪುರಸೊತ್ತು ಸಿಕ್ಕಾಗ ಒಣದ್ರಾಕ್ಷಿಯ ರಾಶಿಯ ಮೇಲೆ ಪುಸ್ತಕ ಇಟ್ಟು ಫೋಟೋ ತೆಗೆಯುತ್ತಾರೆ. ಸದ್ಯ ಇರುವುದು ಸಿದ್ಧೇಶ್ವರ ಸ್ವಾಮಿಗಳ ಪ್ರವಚನದ ಪುಸ್ತಕ. ಸ್ವಾಮಿಗಳು ಇದೇ ಭಾಗದ ಬಿಜ್ಜರಗಿಯವರು, ಜೇಬಿಲ್ಲದ ಅಂಗಿ ತೊಟ್ಟವರು, 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದವರು. ಏನನ್ನೂ ತನ್ನದೆಂದು ಇಟ್ಟುಕೊಳ್ಳದ ಆ ನಡೆ ಅಣ್ಣಾರ ಮನಸ್ಸಿಗೆ ಬಹಳ ನಾಟಿದೆ. ಪುಸ್ತಕ ಪಕ್ಕದ ತೋಟದವರದು, ವರ್ಷಗಟ್ಟಲೆಯಿಂದ ಇವರಲ್ಲೇ ಇದೆ.

ಕೇಳಲು ಹೋದವರಿಗೆ ಅಣ್ಣಾರು ಇತಿಹಾಸ ಹೇಳಿ ಕಳಿಸುತ್ತಾರೆ. "ನಮ್ಮ ಅಸಾರ್ ಮಹಲಿನಾಗ ಆದಿಲ್‌ಶಾಹಿಯವರ ಗ್ರಂಥಭಂಡಾರ ಇತ್ತಿಲ್ಲೋ? ಉಳಿದಿದ್ದ ಹಸ್ತಪ್ರತಿ ಇಂಗ್ಲಿಷರು 1853ರಾಗ ಲಂಡನ್ನಿಗೆ ಒಯ್ದರು. ಅವರೇ ಇನ್ನೂ ಓದ್ಲಾಕತ್ತಾರ. ನನಗ್ಯಾಕ ಇಷ್ಟು ಅವಸರ ಮಾಡ್ತೀ?"

ಇಂಥವರಿಗೂ ಒಬ್ಬರು ಗುರು ಸಿಗುತ್ತಾರೆ. ದಿನಾ ವಿಜಯಪುರದಿಂದ ಬಬಲೇಶ್ವರಕ್ಕೆ ನೌಕರಿಗೆ ಹೋಗುವ ಸದ್ಯದ ಸರ್ ಒಬ್ಬರಿಗೆ ಸಿಕ್ಕದ್ದು ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗಂಡಸರು ಸೀಟಿಗಾಗಿ ಬೆವರು ಸುರಿಸುವ ಕಾಲ. ಉಳಿದವರು ಕಿಟಕಿಯಿಂದ ಟವೆಲ್ ಒಗೆದರೆ ಸರ್ ದಪ್ಪನೆಯ ಕಾದಂಬರಿ ಒಗೆದರು. ಹತ್ತಿ ನೋಡಿದರೆ ಆ ಸೀಟಿನಲ್ಲಿ ಒಬ್ಬ ಅಕ್ಕಾರು ಕೂತಿದ್ದಾರೆ, ತೊಡೆಯ ಮೇಲೆ ಕಾದಂಬರಿ ತೆರೆದುಕೊಂಡಿದೆ.

"ಯಕ್ಕಾ, ಅದು ನಂದ್ರಿ."

"ಹೌದೇನ್ರಿ? ಯಾರೋ ಬ್ಯಾಡಾಗಿ ಒಗದಾರ ಅನ್ಕೊಂಡಿದ್ದೆ."

"ಬ್ಯಾಡಾಗೂದೇನ್ರಿ, ಸದ್ಯ ನಾ ಅದನ್ನೇ ಓದ್ಲಾಕತ್ತೀನಿ."

"ಓದ್ಲಾಕತ್ತೀರಿ? ಹಾಳಿ ಇನ್ನೂ ಒಂದಕ್ಕೊಂದು ಅಂಟಗೊಂಡಾವಲ್ರಿ ಸರ."

ಸಾರವಾಡದ ಡೋಣಿ ಸೇತುವೆ ದಾಟುವುದರೊಳಗೆ ಅಕ್ಕಾರು ಮೂರು ಅಧ್ಯಾಯ ಮುಗಿಸಿದ್ದರು. ಕಂಬಿ ಹಿಡಿದು ನಿಂತಿದ್ದ ಸರ್, ಬಸ್ಸೆಲ್ಲ ನೋಡುತ್ತಿದೆಯೆಂದು, "ಒಯ್ರಿ, ಓದಿ ಕೊಡ್ರಿ" ಎಂದುಬಿಟ್ಟರು. ವಾರ ಕಳೆದು ಪುಸ್ತಕ ಮರಳಿತು. ಅಂಚಿಗೆ ಜೋಳದ ಹಿಟ್ಟಿನ ಬೆರಳಚ್ಚು.

"ಮುಗೀತ್ರಿ ಸರ. ಆ ಮುದುಕಿ ಕಡೀಕ ಹಂಗ್ಯಾಕ ಮಾಡಿದ್ಲು ಅಂತೀರಿ?"

ಸರ್ ಕಿಟಕಿಯ ಹೊರಗೆ ನೋಡಿದರು. "ಅದನ್ನ ಲೇಖಕರು ಓದುಗರಿಗೇ ಬಿಟ್ಟಾರ್ರಿ."

ಅಕ್ಕಾರು ಬಿಡಲಿಲ್ಲ. ಮುದುಕಿಯ ಮನೆ, ಸೊಸೆ, ಹೊಲದ ವಾಟ್ನಿ ಎಲ್ಲ ಬಿಡಿಸಿ ಬಿಡಿಸಿ ಹೇಳಿದರು. ಅದೇ ಸಂಜೆ ಗಾಂಧಿ ಚೌಕದಲ್ಲಿ ಸರ್ ವಿಮರ್ಶೆಗೆ ಎಂದೂ ಇಲ್ಲದ ಆಳ ಬಂತು. ಈಗ ಅವರ ಕಪಾಟಿನ ಪುಸ್ತಕಗಳು ಒಂದೊಂದಾಗಿ ಬಬಲೇಶ್ವರಕ್ಕೆ ಹೋಗಿ ಬರುತ್ತಿವೆ. ಅಕ್ಕಾರ ಅಭಿಪ್ರಾಯವೆಲ್ಲ ಅವುಗಳ ಹಿಂದೆಯೇ ಊರು ಸೇರುತ್ತದೆ, ಸರ್ ಹೆಸರಿನಲ್ಲಿ.

ಓದಿದ್ದನ್ನು ಹಂಚುವುದಕ್ಕೆ ಈ ಊರಲ್ಲಿ ಬೇರೆಯೇ ಒಂದು ಅಳತೆ ಇದೆ. ಫ.ಗು. ಹಳಕಟ್ಟಿಯವರು ಇಲ್ಲೇ ವಕೀಲಿ ಮಾಡಿದವರು. ಊರೂರು ತಿರುಗಿ ತಾಡೋಲೆ ಕೂಡಿಸಿದರು, ಓದಿದರು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಗಳಿಸಿದ್ದನ್ನೆಲ್ಲ ಅಚ್ಚಿನ ಮೊಳೆಗೆ ಸುರಿದರು. ಸದ್ಯದ ಸರ್ ಈ ಕಥೆಯನ್ನು ಕಣ್ಣು ತುಂಬಿ ಹೇಳುತ್ತಾರೆ, ಅಷ್ಟರಲ್ಲಿ ಚಹಾದ ರೊಕ್ಕ ಬೇರೆಯವರು ಕೊಟ್ಟಿರುತ್ತಾರೆ.

ಆದರೂ ನನ್ನ ತೀರ್ಪು ಸರ್ ಪರವಾಗಿಯೇ. ಅವರು ಪುಸ್ತಕ ಕೊಳ್ಳುತ್ತಾರೆ, ಹೊತ್ತು ತಿರುಗುತ್ತಾರೆ, ಹೆಸರು ಹೇಳುತ್ತಾರೆ. ಲೇಖಕನಿಗೆ ಮೊದಲನೆಯದು ಸಾಕು, ಊರಿಗೆ ಉಳಿದೆರಡು. ಅವರು ಕಾದಂಬರಿ ಒಗೆಯದಿದ್ದರೆ ಅಕ್ಕಾರ ತೊಡೆಯ ಮೇಲೆ ಬೀಳುತ್ತಿದ್ದದ್ದು ಯಾರದೋ ಟವೆಲ್.

ಆದ್ದರಿಂದ ನಿಮ್ಮ ಊರಿನ ಸದ್ಯದ ಸರ್ ಸಿಕ್ಕರೆ, ಕಥೆ ಏನಾಯಿತೆಂದು ಕೇಳಿ ಅವರ ಮರ್ಯಾದೆ ತೆಗೆಯಬೇಡಿ. ಪುಸ್ತಕ ಇಸಿದುಕೊಳ್ಳಿ, ಓದಿ, ಹೇಳಿದ ದಿನಕ್ಕೆ ಮರಳಿಸಿ. ಮರಳಿಸುವಾಗ ಕೊನೆಗೆ ಏನಾಯಿತೆಂದು ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿಬಿಡಿ. ಸಂಜೆ ಅವರಿಗೆ ಬೇಕಾಗುತ್ತದೆ.